ಫೀಸು ಸರಿ, ಆಮೇಲಿನ ಎರಡು ವರ್ಷ?

ಜೂನ್‌ನಲ್ಲಿ ಆಂಧ್ರದ ಗಡಿಯಲ್ಲಿರುವ ನಮ್ಮೂರು ನಗರಗೆರೆಯಿಂದ ಅಕ್ಕ ಫೋನ್ ಮಾಡಿದಳು. ಮಗಳಿಗೆ ಬೆಂಗಳೂರಲ್ಲಿ ಸಿನಿಮಾ–ಮೀಡಿಯಾ ಡಿಗ್ರಿ ಓದಬೇಕಂತೆ, ವರ್ಷಕ್ಕೆ 1.2 ಲಕ್ಷ ಫೀಸಂತೆ. "ನೀನೂ ಅದನ್ನೇ ಓದಿದ್ದಲ್ವಾ, ಹೇಳು."

ಓದಿದ್ದೇನೋ ನಿಜ. ನನ್ನ ಫೀಸು ಬಂದದ್ದು ರೇಷ್ಮೆಗೂಡಿನಿಂದ. ಶಿಡ್ಲಘಟ್ಟದ ಮಾರುಕಟ್ಟೆಯಲ್ಲಿ ಗೂಡು ಹರಾಜಾದ ದಿನ ಅಪ್ಪ ಮನೆಗೆ ಬಂದವರೇ ಕಾಲೇಜಿನ ದುಡ್ಡು ಎಣಿಸಿ ಅಕ್ಕಿ ಡಬ್ಬಿಯಲ್ಲಿಡುತ್ತಿದ್ದರು. ಫೀಸಿನ ಲೆಕ್ಕ ಮನೆಯವರಿಗೆಲ್ಲ ಬಾಯಿಪಾಠ. ಡಿಗ್ರಿ ಮುಗಿದ ಮೇಲಿನ ಎರಡು ವರ್ಷದ ಲೆಕ್ಕ ಮಾತ್ರ ಯಾರೂ ಹಾಕಿರಲಿಲ್ಲ. ಅಸಿಸ್ಟೆಂಟ್ ಆಗಿ ಸೇರಿದ ಕಡೆ ಊಟ, ಆಟೊ ಖರ್ಚು ಕೊಟ್ಟರು. ಸಂಬಳ ಮುಂದಿನ ಪ್ರಾಜೆಕ್ಟಿಗೆ ಅಂದರು. ಆ ಹೊತ್ತಲ್ಲೇ ಕಂತಿನ ಮೇಲೆ ಕ್ಯಾಮೆರಾ ಬೇರೆ ಕೊಂಡೆ. ಹನ್ನೊಂದು ಕಂತು ಕಟ್ಟಿ ಅರ್ಧ ಬೆಲೆಗೆ ಮಾರಿದೆ. ಬಾಡಿಗೆಗೆ ತಂದಿದ್ದರೆ ಆಗುತ್ತಿತ್ತು.

ಕೊನೆಗೆ ಕೈ ಹಿಡಿದದ್ದು ಗಡಿ ಊರಿನ ನಾಲಿಗೆ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ. ಹಿಂದೂಪುರದ ಮದುವೆ ವಿಡಿಯೊ ಎಡಿಟಿಂಗು, ತೆಲುಗು ಚಿತ್ರಕ್ಕೆ ಕನ್ನಡ ಸಬ್‌ಟೈಟಲು: ಯಾವ ಸೆಮಿಸ್ಟರಿನಲ್ಲೂ ಇಲ್ಲದ ಪಾಠ.

ಅಕ್ಕನಿಗೆ ಸಾಲದ ಲೆಕ್ಕ ಬಿಡಿಸಿ ಹೇಳಿದೆ. ಬ್ಯಾಂಕು ಸಾಮಾನ್ಯವಾಗಿ 4 ಲಕ್ಷದವರೆಗೆ ಅಡಮಾನ ಕೇಳುವುದಿಲ್ಲ. ಕೋರ್ಸು ಮುಗಿದು ಒಂದು ವರ್ಷ ಕಂತೂ ಇಲ್ಲ. ಆದರೆ ಬಡ್ಡಿ ನಿದ್ದೆ ಮಾಡುವುದಿಲ್ಲ. ಶೇ 10ರಂತೆ ಮೊದಲ ವರ್ಷದ ಫೀಸಿಗೆ 4 ವರ್ಷ, ಎರಡನೆಯದಕ್ಕೆ 3, ಮೂರನೆಯದಕ್ಕೆ 2 ವರ್ಷದ ಸರಳ ಬಡ್ಡಿಯೆಂದರೂ 1.08 ಲಕ್ಷ. ಮೊದಲ ಕಂತಿನ ದಿನ ತಲೆಯ ಮೇಲಿರುವುದು 3.6 ಅಲ್ಲ, 4.68 ಲಕ್ಷ. ಕಟ್ಟಿದ ಬಡ್ಡಿಗೆ ತೆರಿಗೆ ವಿನಾಯಿತಿ ಇದೆಯಲ್ಲ ಎನ್ನುತ್ತಾರೆ. ತೆರಿಗೆ ಕಟ್ಟುವಷ್ಟು ಸಂಬಳ ಮೊದಲು ಬರಲಿ.

ಕ್ಯಾಮೆರಾ ಒಂದೇ ಸಾಕೆಂದರೆ ಅಗ್ಗದ ದಾರಿಯೂ ಇದೆ. 'ಕಾಗಜ್ ಕೆ ಫೂಲ್' (1959) ಚಿತ್ರೀಕರಿಸಿದ ಮೈಸೂರಿನ ವಿ.ಕೆ. ಮೂರ್ತಿ ಕಲಿತದ್ದು ಬೆಂಗಳೂರಿನ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ. ಫಾಲ್ಕೆ ಪ್ರಶಸ್ತಿ ಡಿಪ್ಲೊಮಾದವರಿಗೂ ಬರುತ್ತದೆ, ಅವರಿಗೆ ಬಂತಲ್ಲ. ಈಗ ಹೆಸರಘಟ್ಟದಲ್ಲಿ ಸರ್ಕಾರಿ ಫಿಲ್ಮ್ ಸಂಸ್ಥೆಯಿದೆ. ಹುಡುಗಿ ಒಪ್ಪಲಿಲ್ಲ, ಅವಳಿಗೆ ಡಿಗ್ರಿಯೇ ಬೇಕು. ಇರಲಿ.

ಸೇರಿದ್ದಾಳೆ. ಅಕ್ಕ ತಿಂಗಳಿಗೆ 4,000 ರೂಪಾಯಿಯ ಆರ್‌ಡಿ ಶುರುಮಾಡಿದ್ದಾಳೆ. 36 ತಿಂಗಳಿಗೆ 1.44 ಲಕ್ಷ, ಬಡ್ಡಿ ಬೇರೆ. ಸಂಬಳವಿಲ್ಲದ ಎರಡು ವರ್ಷಕ್ಕೆ ಹಂಚಿದರೆ ತಿಂಗಳಿಗೆ 6,000. ಬೆಂಗಳೂರಲ್ಲಿ ರೂಮು ಮಾಡಲು ಸಾಲದು. ಊರಲ್ಲೇ ಇದ್ದು ಗೌರಿಬಿದನೂರಿನಿಂದ ರೈಲಿನಲ್ಲಿ ಓಡಾಡಿದರೆ ಸಾಕಾಗುತ್ತದೆ.