ವ್ಯಾಜ್ಯದ ಖರ್ಚು: ವಕಾಲತ್ತಿಗೆ ರುಜು ಹಾಕುವ ಮುನ್ನ

ನಮ್ಮ ಸಂಘಕ್ಕೆ ಸಾಲ ಕೇಳಿ ಬರುವ ಸದಸ್ಯರು ಅರ್ಜಿಯಲ್ಲಿ ಗೊಬ್ಬರವೆಂದೋ ಪಂಪ್‌ಸೆಟ್ಟೆಂದೋ ಬರೆಯುತ್ತಾರೆ. ಮಾತಿಗೆ ಕುಳಿತಾಗಲಷ್ಟೇ ಅದರಲ್ಲೊಂದು ಪಾಲು ಬಿ.ಸಿ.ರೋಡು, ಬೆಳ್ತಂಗಡಿ ಅಥವಾ ಮೂಡುಬಿದಿರೆಯ ಕೋರ್ಟಿನ ದಾರಿ ಹಿಡಿಯಲಿದೆ ಎಂದು ತಿಳಿಯುವುದು. ದರ ಏರಲೆಂದು ಅಟ್ಟದಲ್ಲಿಟ್ಟಿದ್ದ ಚಾಲಿಯನ್ನು ಸದಸ್ಯರೊಬ್ಬರು ಇಳಿದ ದರಕ್ಕೇ ಕೊಟ್ಟುಬಿಟ್ಟರು. ಕಾರಣ, ಗಡಿಯ ಅಗಳು ಯಾರದೆಂಬ ತಕರಾರು. ಜಾಗ ಮೂರು ಸೆಂಟ್ಸು. ಈವರೆಗೆ ಎಷ್ಟು ಖರ್ಚಾಯಿತೆಂದು ಕೇಳಿದೆ. "ಲೆಕ್ಕ ಇಟ್ಟಿಲ್ಲ ಸೆಕ್ರೆಟ್ರಿಯವರೇ, ಕೇಳಿದಾಗಲೆಲ್ಲ ಕೊಟ್ಟಿದ್ದೇನೆ" ಎಂದರು.

ಅಡಿಕೆ ಮಾರುವಾಗ ನಾವು ಹೀಗೆ ಮಾಡುವುದಿಲ್ಲ. ಪಟೋರ, ಉಳ್ಳಿಗಡ್ಡೆ, ಕರಿಗೋಟು ಬೇರೆ ಬೇರೆ ಮಾಡುತ್ತೇವೆ, ಪ್ರತಿಯೊಂದಕ್ಕೂ ದರ ಕೇಳುತ್ತೇವೆ, ತೂಕದ ಚೀಟಿ ಪಡೆಯುತ್ತೇವೆ. ವಕೀಲರ ಎದುರು ಮಾತ್ರ ದರ ಕೇಳುವುದು ಮರ್ಯಾದೆಯಲ್ಲವೆಂದು ಬಾಯಿ ಮುಚ್ಚುತ್ತೇವೆ. ಆಮೇಲೆ ಹೊರಗೆ ಬಂದು ದೂರುವುದು. ಇದರಿಂದ ವಕೀಲರಿಗೂ ಸುಖವಿಲ್ಲ. ಮೊದಲೇ ಕೇಳಿದರೆ ಬೇಸರಿಸುವ ಒಳ್ಳೆಯ ವಕೀಲರನ್ನು ನಾನಂತೂ ಕಂಡಿಲ್ಲ.

ಕೇಳಬೇಕಾದ ಮುಖ್ಯ ಸಂಗತಿಯೆಂದರೆ, ಫೀಸು ಬೇರೆ, ಖರ್ಚು ಬೇರೆ. ಕೋರ್ಟ್ ಫೀ 1958ರ ಕರ್ನಾಟಕ ಕಾಯ್ದೆಯ ಪ್ರಕಾರ ದಾವೆಯ ಬಗೆಯನ್ನು ಹೊಂದಿ ಬದಲಾಗುತ್ತದೆ. ಬರೇ ಪ್ರತಿಬಂಧಕಾಜ್ಞೆ ಕೇಳುವುದಕ್ಕೂ ಜಾಗದ ಸ್ವಾಧೀನ ಕೇಳುವುದಕ್ಕೂ ಒಂದೇ ಲೆಕ್ಕವಲ್ಲ. ಎದುರು ಪಾರ್ಟಿಗೆ ನೋಟೀಸು ಜಾರಿ, ದೃಢೀಕೃತ ನಕಲು, ಟೈಪು, ಜೆರಾಕ್ಸು, ಸಾಕ್ಷಿದಾರರ ಬಸ್ಸು ಮತ್ತು ಊಟ, ಇವು ಖರ್ಚು. ಗಡಿ ತಕರಾರಾದರೆ ಕೋರ್ಟು ಕಮಿಷನರನ್ನು ನೇಮಿಸೀತು. ಅವರ ಫೀಸನ್ನೂ ಸಾಮಾನ್ಯವಾಗಿ ಕೇಳಿಕೊಂಡವರೇ ಮೊದಲು ಕಟ್ಟಬೇಕು. ವಕೀಲರ ಫೀಸು ಇವೆಲ್ಲದರ ಮೇಲೆ. ಅದು ಇಡೀ ದಾವೆಗೆ ಒಟ್ಟು ಮೊತ್ತವೋ, ವಾಯಿದೆಗಿಷ್ಟೆಂದೋ, ಹಂತಹಂತವಾಗಿಯೋ? ವಾಯಿದೆಗಿಷ್ಟೆಂಬ ಕ್ರಮ ಮೊದಲಿಗೆ ಅಗ್ಗವೆನಿಸುತ್ತದೆ. ಆದರೆ ದಾವೆ ಎಳೆದಷ್ಟೂ ಅದು ಬೆಳೆಯುತ್ತದೆ. ನನ್ನ ಅಭಿಪ್ರಾಯದಲ್ಲಿ ನಮ್ಮಂಥವರಿಗೆ ಹಂತದ ಕ್ರಮವೇ ವಾಸಿ: ದಾವೆ ಹೂಡುವಾಗ ಒಂದಿಷ್ಟು, ಸಾಕ್ಷಿ ವಿಚಾರಣೆ ಆರಂಭವಾದಾಗ ಒಂದಿಷ್ಟು, ವಾದ ಮುಗಿದಾಗ ಉಳಿದದ್ದು. ನಡುವೆ ಹಾಕುವ ಮಧ್ಯಂತರ ಅರ್ಜಿಗಳು ಇದರಲ್ಲಿ ಸೇರಿವೆಯೇ, ಅಪೀಲು ಬೇರೆಯೇ ಎಂಬುದನ್ನೂ ಅಂದೇ ಕೇಳಿ ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ.

"ಗೆದ್ದರೆ ಜಾಗದಲ್ಲಿ ಇಷ್ಟು ಪಾಲು, ಸೋತರೆ ಏನೂ ಬೇಡ" ಎಂಬ ಒಪ್ಪಂದ ಕೆಲವರಿಗೆ ಆಕರ್ಷಕವಾಗಿ ಕಾಣುತ್ತದೆ. ಭಾರತೀಯ ವಕೀಲರ ಪರಿಷತ್ತಿನ ನಿಯಮಗಳು ಅದನ್ನು ನಿಷೇಧಿಸುತ್ತವೆ. ಅದೇ ನಿಯಮಗಳ ಪ್ರಕಾರ ವಕೀಲರು ಕಕ್ಷಿದಾರರ ಹಣಕ್ಕೆ ಲೆಕ್ಕ ಇಡಬೇಕು, ಪಡೆದದ್ದು ಫೀಸಿಗೋ ಖರ್ಚಿಗೋ ಎಂದು ಅದರಲ್ಲಿ ತೋರಿಸಬೇಕು. ದಾವೆ ನಡೆಯುತ್ತಿರುವಾಗ ಖರ್ಚಿಗೆಂದು ಕೊಟ್ಟದ್ದನ್ನು ತಮ್ಮ ಲಿಖಿತ ಒಪ್ಪಿಗೆಯಿಲ್ಲದೆ ಫೀಸಿಗೆ ತಿರುಗಿಸುವಂತಿಲ್ಲ. ನಕಲಿನ ಖರ್ಚು ಕೊಟ್ಟು ಆ ಲೆಕ್ಕದ ಪ್ರತಿಯನ್ನು ಕೇಳಿ ಪಡೆಯಬಹುದು. ಹಾಗಾಗಿ ಕೊಡುವಾಗಲೇ ಯಾವುದಕ್ಕೆಂದು ಹೇಳಿ ಕೊಡಿ, ಗುಮಾಸ್ತರ ಕೈಗೆ ಕೊಟ್ಟರೂ ಚೀಟಿ ಕೇಳಿ.

ಇನ್ನು ನಮ್ಮ ಕಡೆಯ ಕರ್ತವ್ಯ. ಅಡಿಕೆ ವಿಂಗಡಿಸುವ ನಾವು ಕಾಗದಪತ್ರಗಳನ್ನು ಮಾತ್ರ ಪ್ಲಾಸ್ಟಿಕ್ ತೊಟ್ಟೆಗೆ ತುಂಬಿ ವಕೀಲರ ಮೇಜಿನ ಮೇಲೆ ಸುರಿಯುತ್ತೇವೆ. ನಮ್ಮ ಜಿಲ್ಲೆಯ ಜಾಗದ ಕತೆ ಸಣ್ಣದಲ್ಲ. 1956ರವರೆಗೆ ನಾವು ಮದ್ರಾಸಿನ ಆಡಳಿತದಲ್ಲಿದ್ದವರು. ವರ್ಗ, ಕುಮ್ಕಿ, ಮೂಲಗೇಣಿ, ಚಾಲಗೇಣಿ ಎಂಬ ಮಾತುಗಳಿಗೆ ಒಂದೊಂದಕ್ಕೂ ಬೇರೆ ಹಕ್ಕು. 1974ರ ಮಾರ್ಚ್ 1ರಿಂದ ಭೂಸುಧಾರಣೆಯ ತಿದ್ದುಪಡಿ ಜಾರಿಗೆ ಬಂದು, 7ನೇ ನಮೂನೆ ಸಲ್ಲಿಸಲು 1979ರ ಜೂನ್ 30 ಕಡೆಯ ದಿನವಾಯಿತು. ಆಗ ಭೂನ್ಯಾಯ ಮಂಡಳಿಯ ಮುಂದೆ ವಕೀಲರು ಹಾಜರಾಗುವಂತಿರಲಿಲ್ಲ. ಆ ನಿರ್ಬಂಧವನ್ನು ಸುಪ್ರೀಂ ಕೋರ್ಟು ರದ್ದುಮಾಡಿದ್ದು 1987ರಲ್ಲಿ. ಹೀಗಾಗಿ ಒಕ್ಕಲುಗಳು ತಮಗೆ ತಿಳಿದಂತೆಯೋ ಬರೆಯಬಲ್ಲವರ ಕೈಯಲ್ಲಿ ಬರೆಸಿಯೋ ಅರ್ಜಿ ಕೊಟ್ಟರು. ಅಂದು ಸರ್ವೆ ನಂಬ್ರವೊಂದು ತಪ್ಪಿದ್ದರೆ ಇಂದು ಮೊಮ್ಮಗ ಕೋರ್ಟಿನಲ್ಲಿ ಉತ್ತರ ಕೊಡಬೇಕಾಗುತ್ತದೆ. ಆದ್ದರಿಂದ ಹಳೆಯ ಅಡಂಗಲ್, ಮಂಡಳಿಯ ಆದೇಶ, ಪಾಲುಪಟ್ಟಿ, ಈಗಿನ ಆರ್.ಟಿ.ಸಿ., ನಕ್ಷೆ ಇವನ್ನು ವರ್ಷದ ಕ್ರಮದಲ್ಲಿ ಜೋಡಿಸಿ, ಮೇಲೊಂದು ಪಟ್ಟಿ ಬರೆದು ಒಯ್ಯಿರಿ. ವಕೀಲರ ಅರ್ಧ ದಿನದ ಕೆಲಸ ಅಲ್ಲಿಯೇ ಉಳಿಯುತ್ತದೆ. ತಮಗೆ ಪ್ರತಿಕೂಲವಾದ ಕಾಗದವನ್ನೂ ಮುಚ್ಚಿಡಬೇಡಿ. ಎದುರಿನವರು ಅದನ್ನು ತಂದೇ ತರುತ್ತಾರೆ.

ವಾಯಿದೆ ಯಾವಾಗ ಎಂದು ಕೇಳಲು ದಿನಕ್ಕೆರಡು ಸಲ ಫೋನು ಮಾಡುವುದೂ ಸರಿಯಲ್ಲ. ಪ್ರತಿ ದಾವೆಗೂ 16 ಅಕ್ಷರ-ಅಂಕಿಗಳ ಸಿ.ಎನ್.ಆರ್. ಸಂಖ್ಯೆಯಿದೆ. ಅದನ್ನು ಬರೆದುಕೊಂಡರೆ ಮುಂದಿನ ತಾರೀಖನ್ನು ಮನೆಯಲ್ಲೇ ಮೊಬೈಲಿನಲ್ಲಿ ನೋಡಬಹುದು.

ಬರೇ ಗಡಿಯ ತಕರಾರಾದರೆ ದಾವೆಗೆ ಮುಂಚೆ ಸರ್ವೆ ಇಲಾಖೆಗೆ ಹದ್ದುಬಸ್ತಿಗೆ ಅರ್ಜಿ ಕೊಡಿ. ಅಳತೆಯಾದ ಮೇಲೆ ಎಷ್ಟೋ ಜಗಳ ಅಲ್ಲಿಗೇ ನಿಲ್ಲುವುದುಂಟು. ದಾವೆ ಹೂಡಿದ ನಂತರ ಲೋಕ ಅದಾಲತ್‌ನಲ್ಲಿ ರಾಜಿಯಾದರೆ ಕಟ್ಟಿದ ಕೋರ್ಟ್ ಫೀ ಹಿಂದಕ್ಕೆ ಬರುತ್ತದೆ, ಅದರ ಮೇಲೆ ಅಪೀಲೂ ಇಲ್ಲ. ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಂತೆ ಉಚಿತ ನೆರವಿಗೆ ಅರ್ಹರು. ತಾಲೂಕು ಕಾನೂನು ಸೇವಾ ಸಮಿತಿಯಲ್ಲಿ ವಿಚಾರಿಸಬೇಕು.

ಕೊನೆಯದಾಗಿ ನನ್ನದೇ ಅವಿವೇಕ. ಹಿಂದೊಮ್ಮೆ ತೋಟದ ದಾವೆಯಲ್ಲಿ ತಂದೆಯವರ ಕಾಲದ ಮೂಲಗೇಣಿ ಚೀಟಿನ ಅಸಲನ್ನೇ ರಶೀದಿಯಿಲ್ಲದೆ ಕೊಟ್ಟಿದ್ದೆ. ವಕೀಲರನ್ನು ಬದಲಿಸಬೇಕಾದಾಗ ಬಾಕಿ ಫೀಸಿನ ಮಾತು ಬಂದು, ಆ ಚೀಟು ಕೈಸೇರಲು ಒಂದು ಮಳೆಗಾಲ ಹಿಡಿಯಿತು. ಬಾಕಿಯಿದೆಯೆಂದು ಕಕ್ಷಿದಾರರ ಕಡತವನ್ನು ತಡೆಹಿಡಿಯುವ ಹಕ್ಕು ವಕೀಲರಿಗಿಲ್ಲವೆಂದು ಸುಪ್ರೀಂ ಕೋರ್ಟು 2000ದಲ್ಲಿ ತೀರ್ಪು ಕೊಟ್ಟಿದೆ. ಬಾಕಿಯನ್ನು ಅವರು ಬೇರೆ ಕ್ರಮದಿಂದ ವಸೂಲು ಮಾಡಿಕೊಳ್ಳಬಹುದು. ಈಗ ನಾನು ಮೊದಲಿಗೆ ಜೆರಾಕ್ಸನ್ನಷ್ಟೇ ಕೊಡುತ್ತೇನೆ. ಕೋರ್ಟಿಗೆ ಹಾಜರುಪಡಿಸಲು ಅಸಲೇ ಬೇಕೆಂದಾಗ ಪಟ್ಟಿ ಮಾಡಿ, ಎರಡನೇ ಪ್ರತಿಯಲ್ಲಿ ರುಜು ಪಡೆದು ಕೊಡುತ್ತೇನೆ. ಆ ಪಟ್ಟಿಯ ಮಾದರಿ ಸಂಘದ ಕಚೇರಿಯಲ್ಲಿದೆ, ಬೇಕಾದ ಸದಸ್ಯರು ಕೇಳಿ ಪಡೆಯಬಹುದು.