ಬಾಯಿ ತೆರೆಸಿ ನೋಡಿದವರಿರಲಿಲ್ಲ

ಏಳು ವರ್ಷದ ಮಗ ಮೂರು ದಿನದಿಂದ ಅನ್ನ ಬಾಯಿಗಿಟ್ಟರೆ ಉಗುಳುತ್ತಿದ್ದ. ಬಲಗೆನ್ನೆಗೆ ತಾನೇ ಹೊಡೆದುಕೊಳ್ಳುತ್ತಿದ್ದ. ಅವನಿಗೆ ಸೆರೆಬ್ರಲ್ ಪಾಲ್ಸಿ, ಜೊತೆಗೆ ಫಿಟ್ಸ್, ಮಾತು ಬಾರದು. "ಹಟ ಜಾಸ್ತಿಯಾಗಿದೆ" ಎಂದರು ಅತ್ತೆ. ನರರೋಗ ವೈದ್ಯರು ಕೈಕಾಲು ನೋಡಿ, ಅದೇ ಔಷಧಿ ಮುಂದುವರಿಸಿ ಎಂದರು. ಕೊನೆಗೆ ಫಿಸಿಯೋಥೆರಪಿ ಮಾಡಿಸುವ ಹುಡುಗಿ, "ಅಕ್ಕಾ, ಒಮ್ಮೆ ಹಲ್ಲು ತೋರಿಸಿ" ಅಂದಳು.

ದಂತವೈದ್ಯೆ ಟಾರ್ಚ್ ಹಿಡಿದರು. ನಾಲ್ಕು ದವಡೆ ಹಲ್ಲು ಹುಳುಕು, ಒಂದರ ಬುಡದಲ್ಲಿ ಕೀವು. ವಸಡು ಬೆಳೆದು ಹಲ್ಲನ್ನು ಅರ್ಧ ಮುಚ್ಚಿತ್ತು. "ಯಾವ್ಯಾವ ಔಷಧಿ ಕೊಡ್ತೀರಮ್ಮಾ?" ಎಂದರು. ಚೀಲದಿಂದ ಬಾಟಲಿಗಳನ್ನು ತೆಗೆದಿಟ್ಟೆ. ಫೆನಿಟೋಯಿನ್‌ನಿಂದ ವಸಡು ಬೆಳೆಯುತ್ತದಂತೆ. ಮಲಗಿಸುವಾಗ ಕೊಡುವ ಸಿಹಿ ಸಿರಪ್ ಹಲ್ಲಿಗಂಟಿಯೇ ಇರುತ್ತದಂತೆ. ನಿದ್ದೆಯಲ್ಲಿ ಜೊಲ್ಲು ಕಡಿಮೆ, ತೊಳೆದುಹೋಗುವುದಿಲ್ಲ. ಫಿಟ್ಸ್ ತಡೆದ ಔಷಧಿಯೇ ಬಾಯಿ ಕೆಡಿಸಿತ್ತು. ಔಷಧಿ ಕೊಟ್ಟ ಐದು ವರ್ಷದಲ್ಲಿ ಯಾರೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ.

ಕುರ್ಚಿಯಲ್ಲಿ ಕೂರಿಸಿ ಚಿಕಿತ್ಸೆ ಆಗದ ಮಾತು. ಪೂರ್ತಿ ಅರಿವಳಿಕೆ ಕೊಟ್ಟು ಒಂದೇ ಸಲ ಮುಗಿಸಬೇಕು. ಹಲ್ಲಿನವರು ನರರೋಗದವರ ಪತ್ರ ತನ್ನಿ ಎಂದರು. ನರರೋಗದವರು, ಅಲ್ಲಿ ಏನು ಮಾಡ್ತಾರೆಂದು ಬರೆಸಿಕೊಂಡು ಬನ್ನಿ ಎಂದರು. ಎರಡು ಆಸ್ಪತ್ರೆಗಳ ನಡುವೆ ನಾನೇ ಅಂಚೆಯವಳಾದೆ. ಕಡೆಗೆ ದಂತವೈದ್ಯೆಯೇ ಫೋನ್ ಮಾಡಿದರು. ಹದಿನೈದು ದಿನದ ಗಂಟು ಹತ್ತು ನಿಮಿಷದಲ್ಲಿ ಬಿಚ್ಚಿತು: ಹೊಟ್ಟೆ ಖಾಲಿಯಿಟ್ಟರೂ ಬೆಳಗಿನ ಫಿಟ್ಸ್ ಔಷಧಿ ತಪ್ಪಿಸಬಾರದು, ಬಾಕಿಯಿದ್ದ ಪರೀಕ್ಷೆಗೆ ಅರಿವಳಿಕೆಯಲ್ಲಿರುವಾಗಲೇ ರಕ್ತ ತೆಗೆಯುವುದು, ಫೆನಿಟೋಯಿನ್ ಬಿಡಿಸಿ ನಿಧಾನವಾಗಿ ಬೇರೆ ಔಷಧಿಗೆ ಹೋಗುವುದು.

ಚಿಕಿತ್ಸೆಯಾದ ನಾಲ್ಕನೇ ದಿನ ಮಗ ಒಂದು ತಟ್ಟೆ ಮೊಸರನ್ನ ಉಂಡ.

ಮಾತು ಬಾರದ ಮಗು ಊಟ ಬಿಟ್ಟರೆ ಮೊದಲು ಬಾಯಿ ನೋಡಿ. ಸಿರಪ್ ಕುಡಿಸಿದ ಮೇಲೆ ಒದ್ದೆ ಬಟ್ಟೆಯಿಂದ ಹಲ್ಲೊರೆಸಿ; ಸಕ್ಕರೆಯಿಲ್ಲದ್ದು ಸಿಗುತ್ತದೆಯೇ ಎಂದು ವೈದ್ಯರನ್ನು ಕೇಳಿ. ಮಗುವಿಗೆ ಹೃದಯದ ತೊಂದರೆಯಿದ್ದರೆ, ಹಲ್ಲು ಕೀಳಿಸುವ ಮುನ್ನ ಹೃದ್ರೋಗ ವೈದ್ಯರಿಗೆ ತಿಳಿಸಿ. ಬಾಯಿಯ ಸೋಂಕು ರಕ್ತದ ಮೂಲಕ ಹೃದಯ ಸೇರಬಲ್ಲದು. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಪಾಸಣೆಯಲ್ಲಿ ಹಲ್ಲಿನ ತೊಂದರೆಯೂ ಸೇರಿದೆ. ಆದರೆ ಆ ತಂಡ ಬರುವುದು ಅಂಗನವಾಡಿಗೆ, ಶಾಲೆಗೆ. ನನ್ನ ಮಗ ಎರಡಕ್ಕೂ ಹೋಗುತ್ತಿರಲಿಲ್ಲ. ಅವರ ಕಣ್ಣಿಗೇ ಬೀಳಲಿಲ್ಲ. ಮನೆಯಲ್ಲೇ ಇರುವ ಮಗುವಿದ್ದರೆ, ತಂಡ ಬರುವ ದಿನ ಕೇಳಿಕೊಂಡು ನೀವೇ ಎತ್ತಿಕೊಂಡು ಹೋಗಿ.

ಈಗ ಅವನ ಫೈಲಿನ ಮೊದಲಿಗೆ ಒಂದು ಹಾಳೆ ಇದೆ: ಕಾಯಿಲೆ, ಔಷಧಿಗಳು, ಹಲ್ಲಿನ ಚಿಕಿತ್ಸೆಯ ದಿನಾಂಕ, ಇಬ್ಬರೂ ವೈದ್ಯರ ಫೋನ್ ನಂಬರ್. ನೀವೂ ಇವತ್ತೇ ಒಂದು ಬರೆದಿಡಿ.