ಅಪರೂಪದ ತಳಿಗೆ ನಾವೇ ಸಾಕ್ಷಿ

ಅಮೆರಿಕಕ್ಕೆ ಬಂದ ಮೇಲೆ ನನಗೆ ಹತ್ತಿದ ಹವ್ಯಾಸ ಮಾಡೆಲ್ ಕುದುರೆಗಳ ಪ್ರದರ್ಶನ. ಬ್ರೇಯರ್ ಕಂಪನಿಯ ದೊಡ್ಡ ಅಳತೆಯ ಬೊಂಬೆ ನಿಜವಾದ ಕುದುರೆಯ ಒಂಬತ್ತನೇ ಒಂದರಷ್ಟು ಇರುತ್ತದೆ. ಹಾಲ್ಟರ್ ವಿಭಾಗದಲ್ಲಿ ಇವನ್ನು ತಳಿವಾರು ಮೇಜಿನ ಮೇಲೆ ನಿಲ್ಲಿಸುತ್ತೇವೆ. ಆ ತಳಿಯ ಲಕ್ಷಣ ಬೊಂಬೆಯಲ್ಲಿ ಎಷ್ಟು ಮೂಡಿದೆ ಎಂದು ತೀರ್ಪುಗಾರರು ಅಂಗಾಂಗ ನೋಡಿ ತೂಗುತ್ತಾರೆ. ಪೆಟ್ಟಿಗೆಯ ಮೇಲೆ ಅಚ್ಚಾದ ತಳಿಗೇ ಅಂಟಿಕೊಳ್ಳಬೇಕಿಲ್ಲ. ಯಾವ ತಳಿಯೆಂದು ನಿಲ್ಲಿಸುವುದು ಎಂಬ ಆಯ್ಕೆ ನಮ್ಮದೇ. ನಾನು ಕಲಿತದ್ದೆಲ್ಲ ಈ ಆಯ್ಕೆಯಿಂದಲೇ.

ಅರೇಬಿಯನ್, ಕ್ವಾರ್ಟರ್ ಹಾರ್ಸ್ ಎಲ್ಲರಿಗೂ ಗೊತ್ತಿರುವ ತಳಿಗಳು. ಅಲ್ಲಿ ವಿವರಣೆ ಬೇಡ, ಪೈಪೋಟಿ ಮಾತ್ರ ಬಿರುಸು. ಅರೇಬಿಯನ್‌ನ ಒಳಬಾಗಿದ ಮುಖ, ಎತ್ತಿ ಹಿಡಿದ ಬಾಲ ತೀರ್ಪುಗಾರರಿಗೆ ಬಾಯಿಪಾಠ. ಹೊಸಬರು ಮೊದಲು ಈ ಸಾಲಿನಲ್ಲೇ ಕಣ್ಣು ಪಳಗಿಸಿಕೊಳ್ಳಲಿ ಎನ್ನುತ್ತೇನೆ.

ಅಪರೂಪದ ತಳಿಯಲ್ಲಿ ಮೊದಲ ಪರೀಕ್ಷೆ ಬಣ್ಣದ್ದು. ಇಂಗ್ಲೆಂಡಿನ ಕ್ಲೀವ್‌ಲ್ಯಾಂಡ್ ಬೇ ಎಂದರೆ ಕಂದು ಮೈ, ಕಪ್ಪು ಕಾಲು, ಕಪ್ಪು ಬಾಲ. ಹಣೆಯ ಮೇಲೆ ಪುಟ್ಟ ಬಿಳಿ ಚುಕ್ಕೆಗಷ್ಟೇ ಅವಕಾಶ. ಕಾಲಿಗೆ ಬಿಳಿ ಪಟ್ಟೆಯಿರುವ ಬೊಂಬೆ ಎಷ್ಟೇ ಚೆಂದವಿರಲಿ, ಇಲ್ಲಿಗೆ ಸಲ್ಲದು. ಗಾಡಿ, ನೇಗಿಲು ಎಳೆಯುತ್ತಿದ್ದ ಸಫೋಕ್ ಪಂಚ್‌ಗೆ ಕೆಂಗಂದು ಬಿಟ್ಟರೆ ಬೇರೆ ಬಣ್ಣವೇ ಇಲ್ಲ.

ಆಮೇಲೆ ಮೈಕಟ್ಟು. ರಾಜಸ್ಥಾನದ ಮಾರ್ವಾಡಿ ಕುದುರೆಯ ಕಿವಿಗಳು ಒಳಕ್ಕೆ ಬಾಗಿ ತುದಿಯಲ್ಲಿ ಒಂದನ್ನೊಂದು ಮುಟ್ಟುವಂತಿರುತ್ತವೆ. ಅರೇಬಿಯನ್ ಬೊಂಬೆಗೆ ಬಣ್ಣ ಬದಲಿಸಿದ ಮಾತ್ರಕ್ಕೆ ಅದು ಮಾರ್ವಾಡಿಯಾಗದು. ಕಿವಿಯನ್ನೇ ಹೊಸದಾಗಿ ತಿದ್ದಬೇಕು. ನಮ್ಮ ದೇಶದ ಕುದುರೆ ಪರದೇಶದ ಮೇಜಿನ ಮೇಲೆ ನಿಲ್ಲುವಾಗ ಈ ವಿಷಯದಲ್ಲಿ ನಾನು ರಾಜಿಯಾಗುವುದಿಲ್ಲ.

ಮೂರನೆಯದು ಪುರಾವೆ. ತೀರ್ಪುಗಾರರು ಎಲ್ಲ ತಳಿಯನ್ನೂ ಕಣ್ಣಾರೆ ಕಂಡಿರಲು ಸಾಧ್ಯವಿಲ್ಲ. ಬೊಂಬೆಯ ಪಕ್ಕ ಒಂದು ಚೀಟಿ ಇಡುತ್ತೇನೆ: ತಳಿಯ ಹೆಸರು, ನಾಡು, ಎತ್ತರ, ಒಪ್ಪುವ ಬಣ್ಣಗಳು, ಜೊತೆಗೆ ಅದೇ ಬಣ್ಣದ ನಿಜ ಕುದುರೆಯ ಚಿತ್ರ. ಬರಹ ಐದಾರು ಸಾಲು ಮೀರಬಾರದು, ಓದಲು ಅವರಿಗೆ ಸಿಗುವುದು ಕೆಲವೇ ಕ್ಷಣ.

ಅಪರೂಪ ಎಂಬ ಕಾರಣಕ್ಕೇ ಬಹುಮಾನ ಬರುವುದಿಲ್ಲ. ಆದರೆ ಇರಾನಿನ ಕ್ಯಾಸ್ಪಿಯನ್ ಕುದುರೆಯನ್ನೇ ನೋಡಿ: ಅಳಿದೇ ಹೋಯಿತೆಂದು ತಿಳಿದಿದ್ದ ಆ ಪುಟ್ಟ ತಳಿಯನ್ನು 1965ರಲ್ಲಿ ಲೂಯಿಸ್ ಫಿರೋಜ್ ಮತ್ತೆ ಬೆಳಕಿಗೆ ತಂದರು. ಒಬ್ಬರು ಗಮನವಿಟ್ಟು ನೋಡಿದ್ದರಿಂದ ಒಂದು ತಳಿ ಉಳಿಯಿತು. ಅಂಥ ತಳಿಯ ಬಗ್ಗೆ ಓದಿ, ಅದರ ಲಕ್ಷಣಕ್ಕೆ ನಿಷ್ಠರಾಗಿ ಬೊಂಬೆ ನಿಲ್ಲಿಸಿದರೆ, ಆ ಹೆಸರನ್ನೇ ಕೇಳದವರಿಗೂ ಅದರ ಪರಿಚಯವಾಗುತ್ತದೆ. ರಿಬ್ಬನ್ ಸಿಗಲಿ ಬಿಡಲಿ, ನಾನು ಅಪರೂಪದ ತಳಿಗಳನ್ನು ಆರಿಸಿಕೊಳ್ಳುವುದು ಇದಕ್ಕಾಗಿಯೇ.